ಸ್ಪೇನಿನಿಂದ ನಮ್ಮ ಗರಾಜಿಗೆ ಬಂದ ಇಪ್ಪತ್ತೊಂದು

ಅಮೆರಿಕದ ಅಟ್ಲಾಂಟಾ ಪಕ್ಕದ ಲಾರೆನ್ಸ್‌ವಿಲ್‌ನ ನಮ್ಮ ಮನೆಯ ಗರಾಜಿನಲ್ಲಿ ಕಾರಿಗೆ ಜಾಗವಿಲ್ಲ. ಮದುವೆ ಮಂಟಪದ ಕಂಬಗಳು, ದೊಡ್ಡ ದೀಪಗಳು, ಅವುಗಳ ನಡುವೆ ಅರ್ಧಚಂದ್ರದ ಆಕಾರದ ಒಂದು ಹಸಿರು ಮೇಜು. ಅದು ಬ್ಲ್ಯಾಕ್‌ಜಾಕ್ ಆಡುವ ಮೇಜು. ಪಾರ್ಟಿಗಳಿಗೆ ಕ್ಯಾಸಿನೊ ಮೇಜು ಬಾಡಿಗೆ ಕೊಡುತ್ತಿದ್ದ ಅಟ್ಲಾಂಟಾದ ಒಬ್ಬಾತ ಕೋವಿಡ್ ಕಾಲದಲ್ಲಿ ಅಂಗಡಿ ಮುಚ್ಚಿದ. ನಾನು ದುಡ್ಡು ಬಿಚ್ಚಲಿಲ್ಲ. ಅವನ ಮಗಳ ಮದುವೆಗೆ ಹೂವಿನ ಕಮಾನು ಕಟ್ಟಿಕೊಟ್ಟು ಮೇಜನ್ನು ವ್ಯಾನಿಗೆ ಹಾಕಿಕೊಂಡು ಬಂದೆ. ಗಂಡನ ಜೊತೆ ಬಂದವರಿಗೆ ದುಡಿಯಲು ಬಿಡದ ಡಿಪೆಂಡೆಂಟ್ ವೀಸಾದಲ್ಲಿ ವರ್ಷಗಟ್ಟಲೆ ಕೈಕಟ್ಟಿ ಕೂತಿದ್ದವಳು ಒಬ್ಬಳೇ ಕಟ್ಟಿದ, ಮಂಟಪ ಬಾಡಿಗೆಗೆ ಕೊಡುವ ವ್ಯಾಪಾರವಿದು. ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಕೋವಿಡ್ ಮುಗಿದ ವರ್ಷದ ದೀಪಾವಳಿಗೆ ನಮ್ಮ ಕನ್ನಡ ಸಂಘದವರು ಹಾಲ್‌ನಲ್ಲಿ ಈ ಮೇಜು ಹಾಕಲು ಬಿಡಬೇಕೆಂಬುದು ನನ್ನ ಆಸೆ. ಅಲ್ಲಿಯವರೆಗೆ ಅವರ ಪಾಲಿಗೆ ನಾನು ಮಂಟಪದ ಆಂಟಿ ಅಷ್ಟೆ. ಕಂಬ ನಿಲ್ಲಿಸು, ಕಾರ್ಯಕ್ರಮ ಮುಗಿದ ಮೇಲೆ ಬಿಚ್ಚು. ಒಂದು ವರ್ಷವಾದರೂ ನನ್ನದೇ ಒಂದು ಕಾರ್ಯಕ್ರಮ ನಡೆಯಬೇಕಿತ್ತು. ಬರೀ ಪ್ಲಾಸ್ಟಿಕ್ ಬಿಲ್ಲೆಗಳ ಆಟ, ಗೆದ್ದವರಿಗೆ ಮೈಸೂರು ಪಾಕ್. ಆದರೆ ಸಂಘ ಕಟ್ಟಿದ ಹಿರಿಯರೊಬ್ಬರು, ಹೃದಯದ ಡಾಕ್ಟರಾಗಿ ನಿವೃತ್ತರಾದವರು, ಒಪ್ಪದೆ ಅಲ್ಲಿ ಕುರ್ಚಿಯೂ ಅಲುಗುವುದಿಲ್ಲ.

“ಇದು ಜೂಜಮ್ಮ,” ಎಂದರು ಫೋನಿನಲ್ಲಿ.

“ಒಂದ್ಸಲ ಬಂದು ನೋಡಿ ಅಂಕಲ್. ಆಮೇಲೆ ಬೇಡ ಅಂದ್ರೆ ಬೇಡ.”

ಅವರು ಬರುವ ಮೊದಲು ಮೂರು ವಾರ ಲೈಬ್ರರಿಯಲ್ಲಿ ಕೂತು ಆಟದ ಚರಿತ್ರೆ ಓದಿದೆ. ಯಾವ ಸರಕನ್ನೇ ಆಗಲಿ, ಇನ್ನೊಬ್ಬರ ಮುಂದಿಡುವ ಮೊದಲು ಅದರ ಹುಟ್ಟೂರು ತಿಳಿದುಕೊಳ್ಳಿ. ಕೊಳ್ಳುವವರ ಅರ್ಧ ಅನುಮಾನ ಅಲ್ಲೇ ಕರಗುತ್ತದೆ.

ಶನಿವಾರ ಮಧ್ಯಾಹ್ನ ಅಂಕಲ್, ಅವರ ಹೆಂಡತಿ ಆಂಟಿ ಇಬ್ಬರೂ ಬಂದರು. ಅಂಕಲ್ ಮುಂದೆ ಎರಡು ಇಸ್ಪೀಟ್ ಎಲೆಗಳನ್ನು ಮುಖ ಮೇಲೆ ಮಾಡಿ ಹಾಕಿದೆ: ಒಂದು ಎಂಟು, ಒಂದು ಏಳು. ಅವರು ಥಟ್ಟನೆ ಎತ್ತಿಕೊಂಡು ಎದೆಗೆ ಒತ್ತಿ ಹಿಡಿದರು. ಜೀವಮಾನವೆಲ್ಲ ರಮ್ಮಿ ಆಡಿದ ಕೈ! ಆಂಟಿ ಬಗ್ಗಿ ನೋಡಿ, “ಸೀಕ್ವೆನ್ಸ್ ಇಲ್ಲ ಬಿಡಿ, ಡ್ರಾಪ್ ಮಾಡಿ,” ಎಂದರು.

“ಅಂಕಲ್, ಎಲೆ ಮುಟ್ಟೋ ಹಾಗಿಲ್ಲ. ಎಲೆಗಳ ಮೊತ್ತ ಇಪ್ಪತ್ತೊಂದರ ಹತ್ತಿರ ಹೋಗ್ಬೇಕು, ದಾಟಬಾರದು. ಇನ್ನೊಂದು ಬೇಕಂದ್ರೆ ಮೇಜು ತಟ್ಟಿ, ಸಾಕಂದ್ರೆ ಕೈ ಆಡಿಸಿ.”

“ನನ್ನ ಎಲೆ ನಾನೇ ಮುಟ್ಟಬಾರದಾ? ಎಲ್ಲಿಂದ ಬಂತಮ್ಮ ಈ ಆಟ?”

ಅದನ್ನೇ ಕಾಯುತ್ತಿದ್ದೆ. ನಾನೂರು ವರ್ಷದ ಹಿಂದೆಯೇ ಸ್ಪೇನಿನ ಕಥೆಯೊಂದರಲ್ಲಿ ಇಪ್ಪತ್ತೊಂದರ ಆಟ ಬರುತ್ತದೆ. ಅಲ್ಲಿ ಅದಕ್ಕೆ ಆ ಸಂಖ್ಯೆಯೇ ಹೆಸರು. ಆಮೇಲೆ ಫ್ರಾನ್ಸಿನವರು ಅದನ್ನು ಮೆಚ್ಚಿ ಆಡಿದರು. ಹಡಗು ಹತ್ತಿ ಅಮೆರಿಕಕ್ಕೆ ಬಂತು, ನೆವಾಡಾದ ಕ್ಯಾಸಿನೊಗಳಲ್ಲಿ ಬೇರು ಬಿಟ್ಟಿತು. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ.

“ಬ್ಲ್ಯಾಕ್‌ಜಾಕ್ ಅಂತ ಯಾಕೆ?”

“ಇಸ್ಪೀಟ್ ಎಕ್ಕದ ಜೊತೆ ಕಪ್ಪು ಗುಲಾಮ, ಅಂದ್ರೆ ಬ್ಲ್ಯಾಕ್ ಜಾಕ್, ಬಂದ್ರೆ ಹೆಚ್ಚು ಕೊಡ್ತಿದ್ರಂತೆ. ಆದ್ರೆ ಅದು ಕಟ್ಟುಕಥೆ ಇರಬಹುದು ಅಂಕಲ್. ಗಟ್ಟಿ ಪುರಾವೆ ನನಗೆ ಸಿಗಲಿಲ್ಲ.”

“ಒಂದಾದ್ರೂ ಗೊತ್ತಿಲ್ಲ ಅಂದ್ಯಲ್ಲ. ಹಾಗಾದ್ರೆ ಮಿಕ್ಕಿದ್ದು ನಂಬ್ತೀನಿ.”

ನನ್ನ ಮುಂದೆ ಒಂದು ರಾಜ ತೆರೆದಿತ್ತು, ಇನ್ನೊಂದು ಎಲೆ ಬೋರಲಾಗಿತ್ತು. ಅಂಕಲ್ ಯೋಚಿಸಿ ಮೇಜು ತಟ್ಟಿದರು. ಬಂದದ್ದು ಒಂಬತ್ತು. ಇಪ್ಪತ್ತನಾಲ್ಕಾಯಿತು. ನಾನು ಬಿಲ್ಲೆ ಎಳೆದುಕೊಂಡೆ.

“ಏ, ನಿನ್ನ ಎಲೆ ತೋರಿಸು!”

“ನೀವು ಇಪ್ಪತ್ತೊಂದು ದಾಟಿದ್ರಲ್ಲ ಅಂಕಲ್. ನಂದು ಏನಿದ್ರೂ ನಾನೇ ಗೆದ್ದೆ.”

ಅವರು ಕನ್ನಡಕ ತೆಗೆದು ಮೇಜನ್ನೇ ನೋಡಿದರು. “ಓಹೋ! ಮೊದಲು ಆಡೋನು ಮೊದಲು ಕೆಡ್ತಾನೆ. ಕ್ಯಾಸಿನೊದವನ ಗುಟ್ಟು ಇದೇ.”

“ಅಷ್ಟೇ ಅಂಕಲ್.”

“ಇದನ್ನ ಮಕ್ಕಳಿಗೆ ತೋರಿಸ್ಬೇಕು ಕಣಮ್ಮ. ಒಂದ್ಸಲ ಅರ್ಥ ಆದ್ರೆ ಜನ್ಮದಲ್ಲಿ ದುಡ್ಡಿಟ್ಟು ಆಡಲ್ಲ.”

ಹಾಲ್‌ನ ಒಂದು ಮೂಲೆಯಾದರೂ ಕೊಡಿ ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ನುಂಗಿಕೊಂಡೆ. ಮೇಜಿನ ಈ ಕಡೆ ನಿಂತವಳು ಕೊನೆಯಲ್ಲಿ ಆಡಬೇಕು.

“ನಂದೂ ಕಂಡೀಷನ್ ಇದೆ,” ಎಂದು ಅವರು ಬೆರಳು ಮಡಚಿದರು. “ದುಡ್ಡು ಕೂಡದು. ಈಗ ಹೇಳಿದ್ದೆಲ್ಲ ಕನ್ನಡದಲ್ಲಿ ದೊಡ್ಡ ಬೋರ್ಡ್ ಮೇಲೆ ಬರೀಬೇಕು, ಕೆಳಗೆ ನಿನ್ನ ಹೆಸರು ಹಾಕ್ಬೇಕು, ತಪ್ಪಿದ್ರೆ ಜನ ನಿನ್ನನ್ನೇ ಹಿಡೀಲಿ. ಎಲ್ಲೋ ಮೂಲೇಲಿ ಬಚ್ಚಿಡೋ ಹಾಗಿಲ್ಲ. ಬಾಗಿಲ ಹತ್ರಾನೇ ಹಾಕು!”

“ಸರಿ ಅಂಕಲ್,” ಎಂದೆ, ಬೇಸರವಾದವಳ ಹಾಗೆ.

ಆಂಟಿ ನನ್ನ ಮುಖ ನೋಡಿದರು. “ಇವಳು ನಿಮ್ಮನ್ನ ಎರಡು ಸಲ ಸೋಲಿಸಿದ್ಳು ಕಣ್ರೀ,” ಎಂದರು. ಅವರಿಂದ ಏನನ್ನೂ ಮುಚ್ಚಿಡಲಾಗದು.

ದೀಪಾವಳಿಯ ದಿನ ಬಾಗಿಲಲ್ಲೇ ನನ್ನ ಮೇಜು, ಅದರ ಪಕ್ಕ ನನ್ನ ಹೆಸರಿನ ಬೋರ್ಡ್. ಬಂದವರೆಲ್ಲ ರಮ್ಮಿಯ ಅಭ್ಯಾಸದಲ್ಲಿ ಎಲೆ ಎತ್ತಿ ಎದೆಗೊತ್ತಿಕೊಳ್ಳುವವರೇ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಕುರ್ಚಿಯಿಂದ ಅಂಕಲ್ ಗದರುತ್ತಿದ್ದರು: “ಮುಟ್ಬೇಡ್ರೀ! ಮೊದ್ಲು ಆ ಬೋರ್ಡ್ ಓದಿ!”

ಆಮೇಲೆ ಈ ಮೇಜು ಬೇರೆ ಊರುಗಳ ಕನ್ನಡ ಸಂಘಗಳಿಗೂ ಹೋಗಿದೆ: ಬ್ಯಾಲಂಟೈನ್‌ಗೆ ಹೋಗಿದೆ, ವಾಷಿಂಗ್ಟನ್‌ಗೂ ಹೋಗಿಬಂದಿದೆ. ಬೋರ್ಡ್ ಬೇಡ, ಮೇಜು ಸಾಕು ಎನ್ನುವವರಿಗೆ ನಾನು ಬಾಡಿಗೆಗೆ ಕೊಡುವುದಿಲ್ಲ.