ಅಂಚಿಲ್ಲದ ಚಿತ್ರ

ಚಿತ್ರಗಳಿಗೆ ಚೌಕಟ್ಟು ಕಟ್ಟುವ ಅಕ್ಕ ಮೂವತ್ತು ವರ್ಷದಲ್ಲಿ ಯಾವ ಚಿತ್ರದ ಮುಖವನ್ನೂ ಮೊದಲು ನೋಡಿದವಳಲ್ಲ. ಚಿತ್ರವನ್ನು ತಿರುವಿ ಅದರ ಬೆನ್ನು ನೋಡುತ್ತಿದ್ದಳು. ಗಿರಾಕಿಗಿಂತ ಅದೇ ಹೆಚ್ಚು ನಿಜ ಹೇಳುತ್ತದೆ ಎಂಬುದು ಅವಳ ಅನುಭವ.

ಅಂದು ಬೂಟು ಮಿಂಚಿಸಿಕೊಂಡು ಬಂದವನೊಬ್ಬ ಸುರುಳಿ ಸುತ್ತಿದ ಹಳೆಯ ಚಿತ್ರವನ್ನು ಮೇಜಿನ ಮೇಲೆ ಬಿಡಿಸಿದ.

"ನಮ್ಮ ತಾತನ ಕಾಲದ್ದು ಅಕ್ಕಾ, ಮಾರೋಕಿದೆ. ಫ್ರೇಮ್ ಹಾಕಿ, ನಮ್ಮ ಮನೇದೇ ಅಂತ ಒಂದು ಚೀಟಿ ಬರೆದುಕೊಡಿ. ನಿಮ್ಮ ಮಾತಿಗೆ ಎರಡು ಮಾತಿಲ್ಲ."

ಹೊಗಳಿಕೆಗೆ ಉಬ್ಬುವ ವಯಸ್ಸು ಅಕ್ಕನಿಗೆ ದಾಟಿತ್ತು. ಸುಳ್ಳು ಚೀಟಿ ಕೊಟ್ಟರೆ ಕದ್ದ ಮಾಲಿಗೆ ತಾನೂ ಪಾಲುದಾರಳು ಎಂಬುದೂ ಗೊತ್ತಿತ್ತು. ಚಿತ್ರ ಬರೆದ ಬಟ್ಟೆಯ ಅಂಚನ್ನು ಬೆರಳಿನಿಂದ ಸವರಿದಳು. ಮರದ ಪಟ್ಟಿಗೆ ಮಡಚಿ ಮೊಳೆ ಹೊಡೆಯುವ ಭಾಗವೇ ಇರಲಿಲ್ಲ.

"ಮೊಳೆ ಹೊಡೆದ ಅಂಚು ಎಲ್ಲಿ ಸ್ವಾಮಿ?"

"ಅದು... ಬಿಚ್ಚೋವಾಗ ಕತ್ತರಿಸಿದ್ವಿ."

"ಸ್ವಂತದ್ದಾದ್ರೆ ಕೂತು ಮೊಳೆ ಕೀಳ್ತಾರೆ. ಅವಸರ ಇರೋನು ಬ್ಲೇಡ್ ಹಾಕ್ತಾನೆ. ತಾತನ ಮನೇಲಿ ನಿಮಗ್ಯಾಕಪ್ಪಾ ಅಷ್ಟು ಅವಸರ?"

ಅಕ್ಕ ಚಿತ್ರದ ಮೇಲೆ ಮೊಣಕೈ ಊರಿ ಪೊಲೀಸರಿಗೆ ಫೋನ್ ಹಚ್ಚಿದಳು. ಅವನು ಚಿತ್ರವನ್ನೂ ಬಾಗಿಲನ್ನೂ ನೋಡಿ, ಬಾಗಿಲನ್ನೇ ಆರಿಸಿಕೊಂಡ.

ಕೊಯ್ದುಳಿದ ಅಂಚು, ಚಿತ್ರ ಕಳುವಾಗಿದ್ದ ವಸ್ತುಸಂಗ್ರಹಾಲಯದ ಖಾಲಿ ಚೌಕಟ್ಟಿನಲ್ಲಿ ಮೊಳೆ ಸಮೇತ ಉಳಿದಿತ್ತು. ಪೊಲೀಸರು ಅದನ್ನು ತಂದು ಚಿತ್ರಕ್ಕೆ ಜೋಡಿಸಿದಾಗ ಎಳೆಗೆ ಎಳೆ ಕೂಡಿತು.