ಅಮ್ಮನ ಗೋರಂಟಿ ಸೀರೆ

ಗವಿಪುರಂನ ನಮ್ಮ ಮನೆಯ ಹಿತ್ತಲಲ್ಲಿ ನಡೆದ ಏಕೈಕ ಯುದ್ಧಕ್ಕೆ ಕಾರಣ ಒಂದು ಬಿಳಿ ನೂಲಿನ ಸೀರೆ. ಅಪ್ಪ ಹೋದ ಮೇಲೆ ಅಮ್ಮ ಕೈಗೆ ಗೋರಂಟಿ ಹಚ್ಚಬಾರದೆಂದು ಚಿಕ್ಕಪ್ಪ ತೀರ್ಪು ಕೊಟ್ಟಿದ್ದರು. ಅಮ್ಮ ಅದನ್ನು ಅಕ್ಷರಶಃ ಪಾಲಿಸಿದಳು. ಕೈ ಬಿಟ್ಟು ಸೀರೆಗೆ ಹಚ್ಚಲು ಹೊರಟಳು. ಬಣ್ಣ ಹಿಡಿಯಲೆಂದು ಅಕ್ಕ ಸೀರೆಯನ್ನು ಪಟಿಕದ ನೀರಿನಲ್ಲಿ ನೆನೆಸಿದಳು. ಹಂಡೆಯಲ್ಲಿ ಗೋರಂಟಿ ಸೊಪ್ಪು ಕುದಿಸಿ ಕೆಳಗಿಳಿಸಿದ ಅಮ್ಮ, ಸೀರೆ ಅದ್ದಿ ದೊಣ್ಣೆಯಿಂದ ತಿರುವುತ್ತಿದ್ದಳು.

ಧರ್ಮರಕ್ಷಣೆಗೆಂದು ಚಿಕ್ಕಪ್ಪ ಬರಿಗಾಲಲ್ಲೇ ದಯಮಾಡಿಸಿದರು.

“ಏನತ್ತಿಗೆ ಇದು? ಮದುವಣಗಿತ್ತಿ ಥರ ಕೆಂಪು ಉಟ್ಕೊಂಡು ಓಡಾಡ್ತೀರಾ? ಜನ ಉಗೀತಾರೆ!”

“ಉಗೀಲಿ ಬಿಡಪ್ಪ. ಗಟ್ಟಿ ಬಣ್ಣ, ಹೋಗಲ್ಲ.”

ಚಿಕ್ಕಪ್ಪ ಅಡ್ಡ ಬಂದ ಅಕ್ಕನ ಕೆನ್ನೆಗೆ ಬಾರಿಸಿ, ಹಂಡೆಗೆ ಒದ್ದರು. ಹಂಡೆ ಉರುಳಿತು. ಅಮ್ಮನ ದೊಣ್ಣೆ ಅವರ ಮೊಣಕಾಲಿಗೆ ಬಿತ್ತು. ಅವರು ಜಾರಿ ಬಿಸಿ ಸೊಪ್ಪಿನ ಮೇಲೆ ಕುಕ್ಕರಿಸಿದಾಗ ಇನ್ನೊಂದು ಏಟು ಬೆನ್ನಿಗೆ ಬಿತ್ತು.

“ಅತ್ತಿಗೆ, ಸಾಯ್ತೀನಿ!”

“ನನ್ನ ಮಗಳ ಮೇಲೆ ಕೈ ಮಾಡ್ತೀಯಾ?” ಎಂದು ಅಮ್ಮ ಮೂರನೆಯದನ್ನೂ ಕೊಟ್ಟಳು.

ಕೆನ್ನೆ ಊದಿದ ಅಕ್ಕ ಸೀರೆ ಹಿಂಡಿ ತಂತಿಗೆ ಹಾಕಿದಳು. ಚಿಕ್ಕಪ್ಪನಿಗೆ ಏಳಲಾಗಲಿಲ್ಲ. ಆಸ್ಪತ್ರೆಗೆ ಹೋಗಲು ಆಟೊ ಸಿಗುವವರೆಗೆ ಆ ಗೋರಂಟಿಯಲ್ಲೇ ಕೈಯೂರಿ, ಕಾಲು ಚಾಚಿ ಕೂತಿದ್ದರು.

ಮುಂದಿನ ವಾರ ಚಾಮರಾಜಪೇಟೆಯ ಮದುವೆಗೆ ಅಮ್ಮ ಆ ಸೀರೆಯನ್ನೇ ಉಟ್ಟು ಬಂದಳು. ಯಾರೂ ಉಗಿಯಲಿಲ್ಲ, ಯಾರಿಗೂ ಪುರುಸೊತ್ತಿರಲಿಲ್ಲ. ಕುಂಟುತ್ತ ಬಂದ ಚಿಕ್ಕಪ್ಪನ ಕೆಂಪು ಅಂಗೈ, ಕೆಂಪು ಪಾದಗಳನ್ನು ನೋಡುವುದರಲ್ಲಿ ಎಲ್ಲರೂ ಮದುಮಗಳನ್ನೇ ಮರೆತಿದ್ದರು.