ಬೋರ್ಡಕ್ಕ ಮರೆತ ಪಾಸ್‌ವರ್ಡ್

ಬೋರ್ಡಕ್ಕ ಎಂದರೆ ನಮ್ಮ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಅಣ್ಣನ ಅಂಗಡಿಯಲ್ಲಿ ಕೂತು ಊರಿಗೆಲ್ಲ ಬೋರ್ಡು ಮಾಡಿಕೊಡುವವಳು. ಕಂಪ್ಯೂಟರಿನಲ್ಲಿ ಅಕ್ಷರ ಬಿಡಿಸುತ್ತಾಳೆ, ಮೆಷಿನ್ ಅದನ್ನು ಬಣ್ಣದ ಸ್ಟಿಕರ್ ಹಾಳೆಯಲ್ಲಿ ಕೊರೆಯುತ್ತದೆ. ಕೂತಲ್ಲಿ ಕೂರುವ ಜೀವವಂತೂ ಅಲ್ಲ. ಸುಮ್ಮಸುಮ್ಮನೆ ಎದ್ದು ಬಾಗಿಲಿಗೆ ಬರುತ್ತಾಳೆ, ಹೋಗುತ್ತಾಳೆ.

ಈಚೆಗೆ ಆ ಚಡಪಡಿಕೆಗೆ ಕಾರಣವೂ ಇತ್ತು. ಹಿಂದಿನ ಬೀದಿಯಲ್ಲಿ ತನ್ನದೇ ಅಂಗಡಿ ತೆರೆಯಲು ಮನಸ್ಸು ಮಾಡಿ, ಅದರ ಬೋರ್ಡನ್ನೂ ಗುಟ್ಟಾಗಿ ಬಿಡಿಸಿಟ್ಟಿದ್ದಳು. ಅಣ್ಣನಿಗೆ ಹೇಳಲು ಮಾತ್ರ ಬಾಯಿ ಬರುತ್ತಿರಲಿಲ್ಲ. ಸಾಕಿದವನು, ಕೆಲಸ ಕಲಿಸಿದವನು. ತಾನು ಹೇಳುವ ಮೊದಲೇ ಗೊತ್ತಾದರೆ ಮುಖ ಹೇಗೆ ತೋರಿಸುವುದು? ಮೊನ್ನೆ ಸಂಜೆ ಅವನು ಇವಳ ಕುರ್ಚಿಯಲ್ಲಿ ಕೂತದ್ದನ್ನು ಕಂಡು, ಅವನು ಎದ್ದದ್ದೇ ತಡ ಪಾಸ್‌ವರ್ಡ್ ಬದಲಾಯಿಸಿಬಿಟ್ಟಳು. ಬೆಳಗಾಗುವಷ್ಟರಲ್ಲಿ ಅದು ತಲೆಯಿಂದ ಹಾರಿಹೋಗಿತ್ತು. ಜಾಣೆ!

ಔಷಧಿ ಅಂಗಡಿಯವನು ತನ್ನ ಬೋರ್ಡಿಗೆಂದು ಬಂದು ನಿಂತಿದ್ದಾನೆ, ಇವಳು ಕೀಬೋರ್ಡ್ ಕುಟ್ಟುತ್ತಲೇ ಇದ್ದಾಳೆ.

"ಏಳು, ನಾನು ನೋಡ್ತೀನಿ," ಎಂದ ಅಣ್ಣ.

"ಬೇಡಣ್ಣ, ಇನ್ನೊಂದ್ಸಲ..."

"ಈ ಕಂಪ್ಯೂಟರಿಗೆ ಲಿನಕ್ಸ್ ಹಾಕಿದ್ದೇ ನಾನು. ಏಳು ಅಂದ್ನಲ್ಲ."

ಅವಳು ಒಲ್ಲದ ಮನಸ್ಸಿನಿಂದ ಎದ್ದಳು. ಅವನು ಆಫ್ ಮಾಡಿ ಆನ್ ಮಾಡಿ, ಶಿಫ್ಟ್ ಕೀ ಒತ್ತಿ ಹಿಡಿದು ರಿಪೇರಿಗೆಂದೇ ಇರುವ ರಿಕವರಿ ಮೋಡ್‌ಗೆ ಹೋದ. ಅಲ್ಲಿ ರೂಟ್ ಎಂಬುದನ್ನು ಆರಿಸಿದರೆ ಹಳೆಯ ಪಾಸ್‌ವರ್ಡ್ ಕೇಳದೆ ಒಳಗೆ ಬಿಡುತ್ತದೆ. ಡಿಸ್ಕಿಗೆ ಬರೆಯುವ ಅನುಮತಿ ಕೊಟ್ಟು, ಪಾಸ್‌ವರ್ಡ್ ಬದಲಿಸುವ ಇನ್ನೊಂದು ಸಾಲು ಟೈಪ್ ಮಾಡಿ, ಕೀಬೋರ್ಡನ್ನು ಅವಳತ್ತ ದೂಡಿದ.

"ಹೊಸದು ನೀನೇ ಹಾಕು, ಎರಡು ಸಲ. ಸ್ಕ್ರೀನ್ ಮೇಲೆ ಏನೂ ಕಾಣಲ್ಲ, ಹೆದರ್ಬೇಡ," ಎಂದು ಗೋಡೆಯತ್ತ ತಿರುಗಿ ನಿಂತ.

ಹೊಸದು ಹಾಕಿ, ಅವಳು ಕುರ್ಚಿಯಲ್ಲಿ ಕೂತು ಮತ್ತೆ ಶುರು ಮಾಡಿದಾಗ ಕಂಪ್ಯೂಟರ್ ತೆರೆಯಿತು. ಎದುರಿಗೇ ಅವಳ ಬೋರ್ಡಿನ ಪುಟ್ಟ ಚಿತ್ರ! ದಡಕ್ಕನೆ ಎದ್ದು ಅಡ್ಡ ನಿಂತಳು. ಅಣ್ಣ ತಿರುಗಲೇ ಇಲ್ಲ.

"ಆ ಬೋರ್ಡಲ್ಲಿ ಅಕ್ಷರ ಸಣ್ಣದಾಯ್ತು," ಎಂದ. "ರಸ್ತೆ ಆಚೆಯಿಂದ ಓದೋಕಾಗಲ್ಲ."

"ಯಾವ ಬೋರ್ಡು?"

"ನಿನ್ನ ಅಂಗಡೀದು. ಸ್ಯಾಂಪಲ್ ಕೊರೆದು, ಉಳಿದ ಹಾಳೆ ಬುಟ್ಟಿಗೆ ಹಾಕಿದ್ಯಲ್ಲ. ದಿನಾ ಕಸ ಎತ್ತೋನು ಯಾರು?"

ಅಕ್ಷರ ಕಿತ್ತ ಹಾಳೆಯಲ್ಲಿ ಅದೇ ಅಕ್ಷರದ ತೂತು ಉಳಿಯುತ್ತದೆ. ಇಷ್ಟು ವರ್ಷ ಅದನ್ನೇ ಕಿತ್ತವಳಿಗೆ ಅದು ಹೊಳೆದಿರಲಿಲ್ಲ. ಕಂಪ್ಯೂಟರಿಗೆ ಬೀಗ ಹಾಕಿದ್ದಳು, ಕಸದ ಬುಟ್ಟಿಗೆ ಹಾಕಿರಲಿಲ್ಲ.

"ಮತ್ತೆ ಕೇಳ್ಲಿಲ್ಲ ಯಾಕಣ್ಣ?"

"ನೀನೇ ಹೇಳ್ತೀಯ ಅಂತ ಕಾದೆ."

ಬೋರ್ಡಕ್ಕನಿಗೆ ಅಳು ಒತ್ತರಿಸಿ ಬಂತು. ಔಷಧಿ ಅಂಗಡಿಯವನು ಸುಮ್ಮನೆ ಹೊರಗೆ ಹೋಗಿ ನಿಂತ. ಅವಳು ಪಕ್ಕಕ್ಕೆ ಸರಿದು, ಕುರ್ಚಿಯನ್ನು ಅಣ್ಣನಿಗೆ ಬಿಟ್ಟಳು.

"ಎಷ್ಟು ದೊಡ್ಡದು ಮಾಡ್ಬೇಕು, ನೀನೇ ಮಾಡಿ ತೋರ್ಸು."